ಗನ್ನಿಗೆ ಒಡೆದ ಕಾಯಿ

ಮೊನ್ನೆ ಆಯುಧಪೂಜೆಯ ಬೆಳಿಗ್ಗೆ ಸುರಪುರ ಬಸ್‌ಸ್ಟ್ಯಾಂಡಿನ ಹೊರಗೆ ಒಬ್ಬ ತನ್ನ ಬೈಕಿಗೆ ಕಾಯಿ ಒಡೆದ. ದೂರದಿಂದ ಓಡಿಸಿಕೊಂಡು ಬಂದಿದ್ದಿರಬೇಕು, ಗಾಡಿ ಇನ್ನೂ ಕಾದಿತ್ತು. ಕಾಯಿನೀರು ಸೈಲೆನ್ಸರಿನ ಮೇಲೆ ಬಿದ್ದು ಚುರ್ ಎಂದಿತು. ಮೊದಲು ಸಿಹಿ ಸುಟ್ಟ ವಾಸನೆ, ಅದರ ಬೆನ್ನಿಗೆ ಎಣ್ಣೆಯ ವಾಸನೆ. ಕೊಡೇಕಲ್ ಬಸ್ಸಿಗೆ ಕಾಯುತ್ತ ನಿಂತಿದ್ದ ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಬಗಲಿನ ಚೀಲದಲ್ಲಿ ನನ್ನದೂ ಒಂದು ಕಾಯಿ ಇತ್ತು. ತಂಗಿ ಶರಣಮ್ಮನ ಹಿಟ್ಟಿನ ಗಿರಣಿಯ ಪೂಜೆಗೆಂದು ಒಯ್ಯುತ್ತಿದ್ದೆ. ಅವಳು ಬಾ ಎಂದು ಕರೆದಿರಲಿಲ್ಲ.

ಆ ವಾಸನೆ ನನ್ನನ್ನು ಕ್ವಾರಿಗೆ ಒಯ್ದಿತು. ಯುದ್ಧ ನಡೆದ ಆ ವರ್ಷಕ್ಕೆ.

ಶಹಾಪುರದಿಂದ ದೋರನಹಳ್ಳಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಹಳೆಯ ಕಲ್ಲಿನ ಕ್ವಾರಿ ಇದೆ. ಕಲ್ಲು ತೆಗೆದು ತೆಗೆದು ಮೂರು ಕಡೆ ಗೋಡೆ ಎದ್ದಂತಾಗಿದೆ. ಆ ಬೇಸಿಗೆಯಲ್ಲಿ ಯಾವುದೋ ಒಂದು ಕಂಪನಿ ಅದನ್ನು ಹಿಡಿದು, ಸುತ್ತ ತಂತಿಬೇಲಿ ಹಾಕಿ, ಒಳಗೊಂದು ತಗಡಿನ ಶೆಡ್ ಎಬ್ಬಿಸಿತು. ಯುದ್ಧವಿಮಾನದ ಗನ್ನುಗಳನ್ನು ಇಲ್ಲಿ ಹೊಡೆಸಿ ನೋಡುತ್ತಾರಂತೆ ಎಂದು ಊರೆಲ್ಲ ಸುದ್ದಿ. ಕಂಪನಿಗೆ ಫಿಟ್ಟರ್ ಬೇಕಾಗಿತ್ತು. ಶರಣಮ್ಮ ಯಾದಗಿರಿಯಲ್ಲಿ ಐಟಿಐ ಮುಗಿಸಿ ಮನೆಯಲ್ಲಿ ಕೂತಿದ್ದಳು. ಹೋಗಿ ಕೇಳಿದಳು, ತಗೊಂಡರು. ಗಂಡಸರ ನಡುವೆ ಒಬ್ಬಳೇ ಹೆಣ್ಣುಮಗಳು. ಒಂದು ತಿಂಗಳಲ್ಲಿ ನನ್ನನ್ನೂ ಸೇರಿಸಿದಳು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದವನು. ತಂಗಿಯ ಮಾತಿನಿಂದ ಅಣ್ಣನಿಗೆ ನೌಕರಿ ಬಂತು. ಈ ಮಾತನ್ನು ಈಗ ಇಷ್ಟು ಸುಲಭವಾಗಿ ಬರೆಯುತ್ತಿದ್ದೇನೆ. ಆಗ ಇದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಇತ್ತು.

ಗಡಿಯಲ್ಲಿ ಯುದ್ಧ ಹತ್ತಿತ್ತು. ಚಹಾದಂಗಡಿಯ ಟಿವಿಯಲ್ಲಿ ದಿನವಿಡೀ ಅದೇ. ಹಳೆಯ ವಿಮಾನಗಳಿಂದ ಕಳಚಿದ ಗನ್ನುಗಳನ್ನು ಬೇರೆ ಯಾವುದೋ ಊರಲ್ಲಿ ರಿಪೇರಿ ಮಾಡಿ, ನಮ್ಮಲ್ಲಿಗೆ ಒಂದೊಂದು ಸಲಕ್ಕೆ ಒಂದೊಂದು ಗುಂಪು, ಅಂದರೆ ಲಾಟು, ಕಳಿಸುತ್ತಿದ್ದರು. ಒಂದು ಲಾಟು ಬಂದರೆ ಅದರಲ್ಲಿ ಒಂದು ಗನ್ನನ್ನು ಮೂರ್ತಿ ಸಾಹೇಬರು ಆರಿಸುವರು. ಅದನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಬಾಯಿಯನ್ನು ಕ್ವಾರಿಯ ಗೋಡೆಯ ಕಡೆಗೆ ಮಾಡಿ, ಗೋಡೆಯ ಮುಂದೆ ಮರಳಿನ ಗುಡ್ಡೆ ಹಾಕಿ, ಎಷ್ಟೋ ದಿನ ಹೊಡೆಸುತ್ತಿದ್ದೆವು. ಕೊನೆಯ ತನಕ ಎಲ್ಲೂ ನಿಲ್ಲದಿದ್ದರೆ ಇಡೀ ಲಾಟು ಪಾಸು, ನೇರ ವಿಮಾನಕ್ಕೆ. ಒಮ್ಮೆ ನಿಂತರೂ ಇಡೀ ಲಾಟು ತಡೆ.

ಮೂರ್ತಿ ಸಾಹೇಬರು ಮೈಸೂರು ಕಡೆಯವರು. ವಾಯುಸೇನೆಯಲ್ಲಿ ಗನ್ನುಗಳನ್ನೇ ನೋಡಿಕೊಂಡು ನಿವೃತ್ತರಾಗಿ ಬಂದಿದ್ದರು. ಮೊದಲ ದಿನ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ದರು: "ಮೇಲೆ ಹಾರೋನಿಗೆ ಕೆಳಗಿಳಿದು ಮುಚ್ಚಳ ತೆಗೆದು ನೋಡೋಕೆ ಆಗಲ್ಲ ಕಣ್ರಪ್ಪ. ಗನ್ ನಿಲ್ಲೋದಿದ್ರೆ ಇಲ್ಲೇ ನಿಲ್ಲಲಿ. ಅದಕ್ಕೇ ನಮಗೆ ಸಂಬಳ."

ಹೊಡೆಯುವ ಮುಂಚೆ ಕೆಂಪು ಬಾವುಟ ಏರಿಸಿ, ಸೈರನ್ ಕೂಗಿಸಿ, ಸುತ್ತಲಿನ ಕುರಿಗಾಹಿಗಳನ್ನು ಓಡಿಸಬೇಕು. ಆ ಕೆಲಸ ಮೈಬೂಬನದು. ಅವನು ಕಂಪನಿಯ ಟ್ರ್ಯಾಕ್ಟರ್ ಡ್ರೈವರ್, ನನ್ನ ವಾರಿಗೆಯವನು. ಗನ್ನು ಹೊಡೆದರೆ ಒಂದೊಂದೇ ಗುಂಡಿನ ಸದ್ದು ಕೇಳುತ್ತಿರಲಿಲ್ಲ. ಯಾರೋ ದಪ್ಪನೆಯ ಜಮಖಾನೆಯನ್ನು ಒಂದೇ ಎಳೆತಕ್ಕೆ ಹರಿದಂತೆ ಕೇಳುತ್ತಿತ್ತು. ಒಂದು ದಿನ ಕುರಿ ಕಾಯುವ ಮುದುಕಿಯೊಬ್ಬಳು ಬೇಲಿಯಾಚೆ ನಿಂತು ಕೇಳಿದಳು:

"ಏನೋ ತಮ್ಮಾ, ದಿನಾ ಏನ್ ಹರೀತೀರಿ ಒಳಗ?"

"ವಿಮಾನದ ಗನ್ ಅದ ಯವ್ವಾ, ಪರೀಕ್ಷಾ ಮಾಡಾಕತ್ತೀವಿ," ಅಂದ ಮೈಬೂಬ.

"ಮತ್ತ ವಿಮಾನ ಎಲ್ಲದ?"

"ವಿಮಾನ ಬಂದಿಲ್ಲ. ಗನ್ ಅಷ್ಟ ಬಂದದ."

"ಮದುಮಗ ಇಲ್ದ ಮದುವಿ ಮಾಡಾಕತ್ತೀರೇನ್ ಹಂಗಾರ!" ಎಂದು ನಗುತ್ತ ಕುರಿ ಹೊಡೆದುಕೊಂಡು ಹೋದಳು. ಶರಣಮ್ಮ ಆ ಮಾತಿಗೆ ಸಂಜೆತನಕ ನಕ್ಕಳು.

ಅವಳು ಆ ವರ್ಷ ಬಹಳ ನಗುತ್ತಿದ್ದಳು. ಅವಳ ಕೆಲಸವೆಂದರೆ ಗನ್ನನ್ನು ಒರೆಸುವುದು, ಹದವಾಗಿ ಎಣ್ಣೆ ಹಾಕುವುದು, ಸಂಜೆ ಮುಚ್ಚಳ ಮುಚ್ಚಿ ಶೆಡ್ಡಿಗೆ ಕೀಲಿ ಹಾಕುವುದು. ಕೀಲಿಕೈ ಅವಳ ಹತ್ತಿರವೇ ಇರುತ್ತಿತ್ತು. ರಾತ್ರಿ ಅದನ್ನು ಮನೆಯೊಳಗಿನ ದೇವರ ಜಗಲಿಯ ಮೇಲೆ ಇಡುವಳು, ಬೆಳಿಗ್ಗೆ ತಲೆ ಬಾಚಿದ ಮೇಲೆ ಎತ್ತಿಕೊಂಡು ಸೊಂಟಕ್ಕೆ ಸಿಗಿಸಿಕೊಳ್ಳುವಳು. ಗುಂಡುಗಳು ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಆ ಪೆಟ್ಟಿಗೆ ಹೊರುವುದು, ಮರಳು ಎಳೆಯುವುದು ನನ್ನ ಕೆಲಸ.

ಮೇ ತಿಂಗಳಿನ ಬಿಸಿಲಲ್ಲಿ ಕ್ವಾರಿ ಹಂಚಿನಂತೆ ಕಾಯುತ್ತಿತ್ತು. ಮುಟ್ಟಿದ ಕಬ್ಬಿಣವೆಲ್ಲ ಬೊಬ್ಬೆ ಎಬ್ಬಿಸುತ್ತಿತ್ತು. ಸಾಹೇಬರು ಸುಮ್ಮನೆ ಹೊಡೆಸಿ ಬಿಡುವವರಲ್ಲ. ನಮ್ಮ ಎರೆಹೊಲದ ಮಣ್ಣನ್ನೇ ಜರಡಿ ಹಿಡಿಸಿ, ದೊಡ್ಡ ಫ್ಯಾನಿನಿಂದ ಆ ಧೂಳನ್ನು ಗನ್ನಿನ ಮೇಲೆ ಊದಿಸಿ, ಹಾಗೇ ಹೊಡೆಸುತ್ತಿದ್ದರು. ನಮ್ಮ ಹುಬ್ಬು, ಹಲ್ಲು ಎಲ್ಲ ಕಪ್ಪಾದರೂ ಗನ್ನು ನಿಲ್ಲಲಿಲ್ಲ. ಮಳೆ ಹಿಡಿದ ಮೇಲೆ ಕೊಡಗಟ್ಟಲೆ ನೀರು ಸುರಿದು ಹೊಡೆಸಿದರು, ಆಗಲೂ ನಿಲ್ಲಲಿಲ್ಲ. ಒಂದಾದ ಮೇಲೆ ಒಂದು ಲಾಟು ಪಾಸಾಗಿ ಲಾರಿ ಹತ್ತಿ ಹೋಯಿತು. ಪ್ರತಿ ಸಲವೂ ಸಾಹೇಬರು ಶರಣಮ್ಮನ ಕಡೆ ನೋಡಿ, "ನಿನ್ನ ಕೈ ಒಳ್ಳೇದಮ್ಮ," ಅನ್ನುವರು. ಅವಳು ನಾಚಿ, ಎಣ್ಣೆಬಟ್ಟೆಯಲ್ಲೇ ಮುಖ ಒರೆಸಿಕೊಂಡು, ಮುಖವೆಲ್ಲ ಮಸಿ ಮಾಡಿಕೊಳ್ಳುವಳು.

ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಆಗುತ್ತಿರಲಿಲ್ಲ. "ಅಣ್ಣಾ, ಪೆಟ್ಟಿಗಿ ಹಂಗ ಎಳೀಬ್ಯಾಡ, ಎತ್ತು. ಕೊಂಡಿ ಸೊಟ್ಟ ಆಗ್ತಾವ," ಎಂದು ಅವಳು ಎಲ್ಲರ ಮುಂದೆ ಹೇಳುವಳು. ಹೇಳಿದ್ದು ಸರಿಯೇ ಇರುತ್ತಿತ್ತು. ಮೈಬೂಬ ಕಣ್ಣು ಹೊಡೆಯುವನು: "ಎತ್ತೋ ಭೀಮ್ಯಾ, ನಿಮ್ಮ ಮೇಡಂ ಹೇಳ್ಯಾರ." ಎಲ್ಲರೂ ನಗುವರು, ನಾನೂ ನಗುವೆ. ಮನೆಗೆ ಬಂದು ಅವಳು ಸುಟ್ಟು ತಾಟಿಗೆ ಹಾಕಿದ ರೊಟ್ಟಿಯನ್ನು ಮಾತಿಲ್ಲದೆ ತಿನ್ನುವೆ. ಅವ್ವ, "ಯಾಕೋ, ಪಲ್ಯಕ್ಕ ಉಪ್ಪಿಲ್ಲೇನು?" ಅಂದರೆ, "ಎಲ್ಲಾ ಬರಾಬರಿ ಅದ," ಎಂದು ಎದ್ದು ಹೋಗುವೆ.

ಹೀಗೆ ಮಳೆಗಾಲ ಕಳೆದು ದಸರೆ ಬಂತು. ಆಯುಧಪೂಜೆಗೆ ನಮ್ಮ ಕಡೆ ಖಂಡೇಪೂಜೆ ಎನ್ನುತ್ತೇವೆ. ಕುಡಗೋಲು, ಕೊಡಲಿ, ತಕ್ಕಡಿ, ಹೊಲಿಗೆ ಮಷಿನ್ನು, ಟ್ರ್ಯಾಕ್ಟರು, ಮನೆಯಲ್ಲಿ ಏನೇನು ಇದೆಯೋ ಎಲ್ಲಕ್ಕೂ ಕುಂಕುಮ ಹಚ್ಚಿ ಕಾಯಿ ಒಡೆಯಬೇಕು. ಅಂಥದ್ದರಲ್ಲಿ ನಮ್ಮ ಹತ್ತಿರ ಇದ್ದದ್ದು ನಿಜವಾದ ಆಯುಧ. ಅದಕ್ಕೆ ಪೂಜೆ ಮಾಡದೆ ಇನ್ನಾವುದಕ್ಕೆ ಮಾಡುವುದು? ಎಲ್ಲರದೂ ಅದೇ ಮಾತು. ಸಾಹೇಬರು ಮಾತ್ರ ಕಡ್ಡಿ ಮುರಿದಂತೆ ಹೇಳಿದರು: "ಗೇಟಿಗೆ ಮಾಡಿ, ಟ್ರ್ಯಾಕ್ಟರಿಗೆ ಮಾಡಿ, ನನಗೆ ಬೇಕಾದ್ರೂ ಮಾಡಿ. ಗನ್ನಿಗೆ ಒಂದು ಹೂವೂ ಸೋಕಬಾರದು." ಆಗ ಸ್ಟ್ಯಾಂಡಿನ ಮೇಲೆ ಒಂದು ಹೊಸ ಲಾಟಿನ ಗನ್ನು ಇತ್ತು. ಯುದ್ಧ ಜೋರಾಗಿತ್ತು. ಆ ಲಾಟಿಗಾಗಿ ಮೇಲಿನಿಂದ ದಿನಾ ಫೋನು ಬರುತ್ತಿತ್ತು. ಹಬ್ಬ ಮುಗಿದ ಮರುದಿನವೇ ಕೊನೆಯ ಸುತ್ತು ಹೊಡೆಸುವುದಿತ್ತು.

ಹಬ್ಬದ ಹಿಂದಿನ ದಿನ ಮರಳಿನ ಗುಡ್ಡೆಯ ಹತ್ತಿರ ಕೂತು ಊಟ ಮಾಡುವಾಗ ನಾನು ಆ ಮಾತು ತೆಗೆದೆ.

"ನಮ್ಮಪ್ಪ ನದೀ ದಂಡಿ ಮ್ಯಾಲ ಡೀಸೆಲ್ ಎಂಜಿನ್ ನಡಸ್ತಿದ್ದ. ಖಂಡೇಪೂಜಿ ದಿನ ಎಂಜಿನ್ ಬಾಯಾಗೇ ಕಾಯಿನೀರು ಹಾಕ್ತಿದ್ದ. ಒಂದ್ ದಿನಾನೂ ಅದು ಬಂದ್ ಬಿದ್ದಿಲ್ಲ."

ಶರಣಮ್ಮ ರೊಟ್ಟಿ ಮುರಿಯುತ್ತಲೇ ಅಂದಳು: "ಅಣ್ಣಾ, ಅದು ನೀರೆತ್ತೂ ಎಂಜಿನ್. ಇದರಾಗ ಕಾಯಿನೀರು ಬಿದ್ರ ಒಣಗಿ ಅಂಟು ಆಗ್ತದ. ಗುಂಡು ಮುಂದಕ್ಕ ಹೋಗಲ್ಲ. ಸಾಹೇಬ್ರು ಬ್ಯಾಡ ಅಂದಾರ, ಬ್ಯಾಡ."

"ಅಪ್ಪಗಿಂತ ನೀ ಶಾಣ್ಯಾ ಆದಿ ಹಂಗಾರ."

"ಅಪ್ಪ ಇದ್ದಿದ್ರ ನನ್ನ ಮಾತೇ ಕೇಳ್ತಿದ್ದ," ಅಂದಳು. ಅಂದು ನಕ್ಕಳು. ಸುತ್ತ ಕೂತವರೂ ನಕ್ಕರು. ಆ ನಗು ನನಗೆ ಬಿಸಿಲಿನಂತೆ ತಾಗಿತು. ಆಗಲೇ ನಿರ್ಧಾರ ಮಾಡಿದೆ ಎಂದರೆ ಸುಳ್ಳಾದೀತು. ಆದರೆ ಬೀಜ ಬಿದ್ದದ್ದು ಆಗಲೇ.

ಪೂಜೆಯ ದಿನ ಬೆಳಿಗ್ಗೆ ಅವಳು ಮನೆಯಲ್ಲೇ ಇದ್ದಳು. ಎರೆದುಕೊಂಡು, ಕೂದಲು ಹರವಿ, ಅವ್ವನ ಜೊತೆ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಜಗಲಿಯ ಮೇಲೆ ಕೀಲಿಕೈ ಇತ್ತು. ಅವಳು ಅದಕ್ಕೂ ಒಂದು ಚುಕ್ಕೆ ಕುಂಕುಮ ಹಚ್ಚಿದ್ದಳು. ದೇವರಿಗೆ ಕೈ ಮುಗಿದ ಹಾಗೆ ಮಾಡಿ ಎತ್ತಿಕೊಂಡೆ.

ಕ್ವಾರಿಯಲ್ಲಿ ಗೇಟಿನ ಪೂಜೆ ಆಯಿತು. ಸಾಹೇಬರು ಕಾಯಿ ಒಡೆದು, ಎಲ್ಲರಿಗೂ ಪೇಡೆ ಹಂಚಿ, ಜೀಪು ಹತ್ತಿ ಹೋದರು. ಅವರು ಹೋದ ಮೇಲೆ ಎಲ್ಲರೂ ಗುಸುಗುಸು ಸುರು ಮಾಡಿದರು. ಗೇಟಿಗೆ ಪೂಜೆ, ಗನ್ನಿಗೆ ಇಲ್ಲ, ಅದೂ ಯುದ್ಧದ ವರ್ಷ. ಆ ಗನ್ನು ಹಿಡಿದು ಮೇಲೆ ಹೋಗುವವನಿಗೆ ಏನಾದರೂ ಆದರೆ ಆ ಪಾಪ ಯಾರಿಗೆ? ನಾನು ಕಿಸೆಯಿಂದ ಕೀಲಿಕೈ ತೆಗೆದು ತೋರಿಸಿದೆ. ಒಮ್ಮೆಲೇ ಎಲ್ಲರೂ ನನ್ನನ್ನು ನೋಡಿದರು. ಅಷ್ಟು ತಿಂಗಳಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಶರಣಮ್ಮ ಕೊಟ್ಟಾಳೇನು?" ಕೇಳಿದ ಮೈಬೂಬ.

"ಆಕಿ ಕೊಡಾಕ್ಯಾಕ ಬೇಕು? ಮನ್ಯಾಗ ಹಿರ್ಯಾ ನಾ ಅದೀನಿ."

ಶೆಡ್ಡು ತೆಗೆದೆವು. ಮೇಲೆ ಕುಂಕುಮ ಹಚ್ಚಿದರೆ ಸಾಹೇಬರಿಗೆ ಕಾಣುತ್ತದೆ. ಅದಕ್ಕೆ ನಾನು, ಯಾರಿಗೂ ಕಾಣದ ಹಾಗೆ ಒಳಗೇ ಮಾಡೋಣ ಅಂದೆ. ಶರಣಮ್ಮ ಮುಚ್ಚಳ ತೆಗೆಯುವುದನ್ನು ಎಷ್ಟೋ ಸಲ ನೋಡಿದ್ದೆ. ತೆಗೆದೆ. ಗುಂಡು ಸರಿದು ಹೋಗುವ ಜಾಗ ಎಣ್ಣೆಯಿಂದ ಮಿರಮಿರ ಹೊಳೆಯುತ್ತಿತ್ತು. ಅಲ್ಲಿ ಅರಿಶಿನ, ಕುಂಕುಮ ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ಹಚ್ಚಿದೆ. ಸ್ಟ್ಯಾಂಡಿನ ಮೂಲೆಗೆ ಹೊಡೆದು ಕಾಯಿ ಒಡೆದೆ, ಅಪ್ಪ ಮಾಡುತ್ತಿದ್ದ ಹಾಗೆ ನೀರನ್ನು ಒಳಗೇ ಬಿಟ್ಟೆ. ಎಲ್ಲರೂ ಕೈ ಮುಗಿದರು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಭಕ್ತಿಯೂ ಇತ್ತು. ಹೆಸರು ಗೊತ್ತಿಲ್ಲದ ಯಾರೋ ಒಬ್ಬ ಮೇಲೆ ಹಾರುವವನಿಗಾಗಿ ಬೇಡಿಕೊಂಡೆ. ಆಮೇಲೆ ಮುಚ್ಚಳ ಹಾಕಿ, ಹೊರಗೆ ಬಿದ್ದ ನೀರು ಒರೆಸಿ, ಕೀಲಿ ಹಾಕಿದೆವು. ಕಾಯಿಯನ್ನು ಚೂರು ಮಾಡಿ ಎಲ್ಲರೂ ತಿಂದೆವು. ಮೈಬೂಬನೂ ತಿಂದ. ಉಳಿದ ಹೋಳನ್ನು ಮನೆಗೆ ಒಯ್ದೆ.

"ಯಾವ ಪೂಜಿದೋ ಅಣ್ಣಾ?" ಎಂದಳು ಶರಣಮ್ಮ, ಆಗಲೇ ಒಂದು ಚೂರು ಬಾಯಿಗೆ ಹಾಕಿಕೊಂಡು.

"ಗೇಟಿಂದು."

ಕೀಲಿಕೈ ಆಗಲೇ ಜಗಲಿಯ ಮೇಲೆ ಹೋಗಿ ಕೂತಿತ್ತು. ಮರುದಿನ ಬನ್ನಿ ಹಬ್ಬ. ಸಂಜೆ ಶರಣಮ್ಮ ಹೊಸ ಸೀರೆ ಉಟ್ಟು ಬಂದು ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟು, "ಬಂಗಾರದಂಗ ಇರೂಣು ಅಣ್ಣಾ," ಎಂದು ಕಾಲು ಮುಟ್ಟಿದಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ಆ ಎರಡು ದಿನವೂ ಬಿಸಿಲು ಚುರುಗುಟ್ಟುತ್ತಿತ್ತು. ಮುಚ್ಚಿದ ತಗಡಿನ ಶೆಡ್ಡಿನಲ್ಲಿ, ಮುಚ್ಚಿದ ಗನ್ನಿನೊಳಗೆ ಆ ನೀರು ಆರುತ್ತ ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹಬ್ಬ ಮುಗಿದ ಮರುದಿನ ಬಾವುಟ ಏರಿತು, ಸೈರನ್ ಕೂಗಿತು. ನಾವೆಲ್ಲ ಕಾಂಕ್ರೀಟ್ ಗೋಡೆಯ ಹಿಂದೆ ಕೂತೆವು. ಹಿಂದಿನ ವಾರ ಒರೆಸಿ, ಎಣ್ಣೆ ಹಾಕಿ ಮುಚ್ಚಿಟ್ಟ ಗನ್ನು. ಕೊನೆಯ ಸುತ್ತಿಗೆ ಅದನ್ನು ಮತ್ತೆ ಬಿಚ್ಚುವ ಹಾಗಿರಲಿಲ್ಲ, ಪಕ್ಕದಿಂದ ಗುಂಡಿನ ಸರ ಸಿಗಿಸಿ ಹೊಡೆಸಬೇಕು. ಸಾಹೇಬರು ಸ್ವಿಚ್ ಒತ್ತಿದರು. ಜಮಖಾನೆ ಹರಿಯುವ ಸದ್ದು ಎದ್ದಿತು, ಅರ್ಧಕ್ಕೇ ನಿಂತಿತು.

ಅದರ ಬೆನ್ನಿಗೇ ದೂರದ ನವಿಲೊಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಗನ್ನು ನಿಂತರೆ ಕೂಡಲೇ ಹತ್ತಿರ ಹೋಗುವ ಹಾಗಿಲ್ಲ. ಒಳಗೆ ಉಳಿದ ಗುಂಡು ತಡವಾಗಿ ಸಿಡಿಯಬಹುದು. ಕಾದೆವು. ಆಮೇಲೆ ಸಾಹೇಬರು ಮತ್ತು ಶರಣಮ್ಮ ಇಬ್ಬರೇ ಹೋಗಿ, ಗುಂಡಿನ ಸರ ಬಿಡಿಸಿ ತೆಗೆದರು. ಇನ್ನು ಮುಚ್ಚಳ ತೆಗೆದು, ಏನನ್ನೂ ಮುಟ್ಟದೆ ಮೊದಲು ಫೋಟೋ ತೆಗೆಯಬೇಕು. ಅಷ್ಟರಲ್ಲಿ ಸಾಹೇಬರ ಫೋನು ಬಡಿದುಕೊಂಡಿತು. ಮೇಲಿನವರದು. ಕ್ವಾರಿಯೊಳಗೆ ಮಾತು ಸರಿಯಾಗಿ ಕೇಳುವುದಿಲ್ಲವೆಂದು ಅವರು ಗೇಟಿನ ಕಡೆ ನಡೆದರು. ಶರಣಮ್ಮ ಮುಚ್ಚಳ ತೆಗೆದಳು.

ನಾನು ಮರಳಿನ ಗುಡ್ಡೆಯ ಹತ್ತಿರ ನಿಂತಿದ್ದೆ. ಅವಳು ಬಗ್ಗಿ ನೋಡಿದಳು. ಬೆರಳು ಹಾಕಿ ನೋಡಿದಳು. ಬೆರಳನ್ನು ಮೂಗಿಗೆ ಹಿಡಿದಳು. ತಲೆ ಎತ್ತಿ ಸುತ್ತ ಯಾರನ್ನೂ ನೋಡಲಿಲ್ಲ, ನೇರ ನನ್ನನ್ನೇ ನೋಡಿದಳು. ಆಮೇಲೆ ಬಟ್ಟೆ ತಗೊಂಡು ಸರಸರ ಒರೆಸತೊಡಗಿದಳು. ಒರೆಸಿದ ಬಟ್ಟೆಯನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ ಹಿಂಡಿದಳು. ಸಾಹೇಬರು ಓಡಿ ಬರುವಷ್ಟರಲ್ಲಿ ಮುಗಿದಿತ್ತು.

"ಏನಮ್ಮಾ ಇದು? ಒರೆಸಿದೆಯಾ? ಫೋಟೋ ಆಗೋಕ್ಕೆ ಮುಂಚೆ?"

"ತಪ್ಪಾತ್ರಿ ಸರ್."

"ಏನಿತ್ತು ಒಳಗೆ?"

"ಎಣ್ಣಿ ಹೆಚ್ಚಾಗಿತ್ತ್ರಿ."

"ಎಣ್ಣೆಯಿಂದ ನಿಲ್ಲಲ್ಲ ಇದು. ನಿನಗೂ ಗೊತ್ತು, ನನಗೂ ಗೊತ್ತು."

ಮತ್ತೆ ಹೊಡೆಸಿದರು. ಗನ್ನು ಎಲ್ಲೂ ನಿಲ್ಲದೆ ಸರಾಗ ಹೊಡೆಯಿತು. ಅದೇ ಅವಳಿಗೆ ಮುಳುವಾಯಿತು. ಒಳಗೆ ಏನೋ ಇತ್ತು, ಅದನ್ನು ಅವಳು ತೆಗೆದಳು, ಏನೆಂದು ಹೇಳುತ್ತಿಲ್ಲ. ಕೀಲಿಕೈ ಅವಳದು. ಹೊರಗೆ ಯುದ್ಧ. ಇಷ್ಟನ್ನು ಕೂಡಿಸಿದರೆ ಯಾರಿಗಾದರೂ ಏನು ಅನಿಸುತ್ತದೆಯೋ ಅದೇ ಎಲ್ಲರಿಗೂ ಅನಿಸಿತು. ಇಡೀ ಲಾಟನ್ನು ತಡೆದರು.

ಆ ಸಂಜೆ ಅವಳು ಎಂದಿನಂತೆ ರೊಟ್ಟಿ ಸುಟ್ಟಳು. ನನ್ನ ತಾಟಿಗೆ ಒಂದು ಹಾಕಿ, ಒಲೆಯ ಕಡೆ ತಿರುಗಿಯೇ ಅಂದಳು: "ಅಣ್ಣಾ, ಅವತ್ತು ನೀ ತಂದ ಕಾಯಿ ಭಾಳ ಸೀ ಇತ್ತು."

ನಿಜ ಹೇಳಲು ಅವಳು ನನಗೊಂದು ಬಾಗಿಲು ತೆರೆದಿಟ್ಟಿದ್ದಳು. ನಾನು ಒಳಗೆ ಕಾಲಿಟ್ಟಿದ್ದರೆ ಸಾಕಿತ್ತು.

"ಗೇಟಿನ ಕಾಯಿ ಅಲ್ಲೇನು ಅದು," ಅಂದೆ.

ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿದಳು. "ಹೌದೇನು," ಅಂದಳು. "ಉಣ್ಣು."

ಮರುದಿನ ಮೇಲಿನವರು ಬಂದರು, ಜೊತೆಗೆ ಪೊಲೀಸರೂ ಬಂದರು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸುವ ಮುಂಚೆ ಮೈಬೂಬ ನನ್ನನ್ನು ಟ್ರ್ಯಾಕ್ಟರಿನ ಹಿಂದೆ ಎಳೆದುಕೊಂಡು ಹೋದ.

"ಹೇಳಿಬಿಡೋ ಭೀಮ್ಯಾ. ನೀ ಬಾಯಿ ತೆರದ್ರ ನಾವೂ ತೆರಿತೀವಿ. ಕಾಯಿ ನಾವೂ ತಿಂದೀವಲ್ಲ."

"ಯುದ್ಧ ನಡದದೋ. ಹಿಡಕೊಂಡು ಹೋದ್ರ ಬಿಡಲ್ಲ. ಏನ್ ಬೇಕಾದ್ರೂ ಮಾಡ್ತಾರ."

"ಹಂಗಾರ ಆಕೀಗಿ ಮಾಡಲ್ಲೇನು?"

ಅವನ ಕೈ ಬಿಡಿಸಿಕೊಂಡು ಹೋಗಿ ಸಾಲಿನಲ್ಲಿ ನಿಂತೆ.

ಸಾಲಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಶರಣಮ್ಮ ಎದುರಿಗೆ ಕುರ್ಚಿಯ ಪಕ್ಕ ನಿಂತಿದ್ದಳು. ಮೂರ್ತಿ ಸಾಹೇಬರು ಅವಳಿಗೆ ಮೆಲ್ಲಗೆ ಹೇಳುತ್ತಿದ್ದರು: "ಏನಿತ್ತು ಅಂತ ಒಂದು ಮಾತು ಹೇಳಮ್ಮ. ನಿನ್ನನ್ನ ನಾನು ಉಳಿಸ್ಕೋತೀನಿ." ಅವಳು ಬಾಯಿ ಬಿಡಲಿಲ್ಲ. ನನ್ನ ಸರದಿ ಬಂತು. "ನಿಂಗೇನಾದ್ರೂ ಗೊತ್ತೇನಪ್ಪ? ಅಣ್ಣ ಅಲ್ವಾ ನೀನು?" ಅವಳು ನನ್ನನ್ನು ನೋಡಿದಳು. ಹೇಳು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಬಸ್ಸು ಬರುವ ದಾರಿಯನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಇಲ್ರಿ, ನನಗೇನೂ ಗೊತ್ತಿಲ್ರಿ," ಅಂದೆ.

ನನ್ನ ಆಚೆ ನಿಂತಿದ್ದ ಮೈಬೂಬನೂ ಅದನ್ನೇ ಹೇಳಿದ. ಅವನ ಆಚೆಯವನೂ ಅದನ್ನೇ. ಒಡಹುಟ್ಟಿದವನೇ ಇಲ್ಲವೆಂದ ಮೇಲೆ ಅವರಿಗೇನು?

ಅವಳ ಮೇಲೆ ಕೇಸು ಆಗಲಿಲ್ಲ, ಏನೂ ಸಿಗಲಿಲ್ಲವಲ್ಲ. ಕೆಲಸದಿಂದ ತೆಗೆದರು, ಅಷ್ಟೇ. ಅಷ್ಟೇ ಎಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ! ಅವಳು ಸೊಂಟದಿಂದ ಕೀಲಿಕೈ ಬಿಚ್ಚಿ ಮೇಜಿನ ಮೇಲೆ ಇಟ್ಟು ಹೋದಳು. ಸಾಹೇಬರು ಅದನ್ನು ಎತ್ತಿ ಡ್ರಾಯರಿನಲ್ಲಿ ಹಾಕಿದರು. ಮೂರು ದಿನದ ಮೇಲೆ ನನ್ನನ್ನು ಕರೆದು, "ನೀನು ಸೈಲೆಂಟ್ ಮನುಷ್ಯ. ಹೇಳಿದಷ್ಟು ಮಾಡ್ತೀಯ. ಇದು ನಿನ್ನ ಹತ್ತಿರ ಇರಲಿ," ಎಂದು ಕೀಲಿಕೈ ಕೊಟ್ಟರು.

ಪೂಜೆ ಮಾಡಿದ್ದಕ್ಕೆ ನನಗೆ ಕ್ಷಮೆ ಇರಬಹುದು. ಅದು ತಿಳಿಗೇಡಿತನ. ಸಾಲಿನಲ್ಲಿ ನಿಂತು ಸುಳ್ಳಾಡಿದ್ದಕ್ಕೆ ಹೆದರಿಕೆ ಎನ್ನಬಹುದು. ಆದರೆ ಆ ಕೀಲಿಕೈಯನ್ನು ನಾನು ತಗೊಂಡೆ. ತಗೊಂಡು ಮನೆಗೆ ಒಯ್ದು, ಅದೇ ಜಗಲಿಯ ಮೇಲೆ, ಅವಳ ಕಣ್ಣೆದುರಿಗೇ ಇಟ್ಟೆ.

ಊರಿಗೆ ಸುದ್ದಿ ಹರಡಲು ಎಷ್ಟು ಹೊತ್ತು? ನೀರಿಗೆ ಹೋದರೆ, ಕಿರಾಣಿ ಅಂಗಡಿಗೆ ಹೋದರೆ, "ಗನ್ ನಿಂದ್ರಿಸಿದಾಕಿ ಬಂದ್ಳು ನೋಡು," ಎನ್ನತೊಡಗಿದರು. ಲಿಂಗಸೂಗೂರಿನಿಂದ ಬಂದಿದ್ದ ಒಂದು ಸಂಬಂಧ ಮಾತಿಲ್ಲದೆ ಹಿಂದೆ ಸರಿಯಿತು. ತೊಗರಿ ರಾಶಿಯ ಹೊತ್ತಿಗೆ ಕೊಡೇಕಲ್‌ನಲ್ಲಿದ್ದ ನಮ್ಮ ಸೋದರಮಾವ ತನ್ನ ಹಿಟ್ಟಿನ ಗಿರಣಿ ನೋಡಿಕೊಳ್ಳಲು ಬಾ ಎಂದು ಅವಳನ್ನು ಕರೆಸಿಕೊಂಡ. ಹೊರಟ ದಿನ ಅವ್ವನೂ ತನ್ನ ಸೀರೆಗಳನ್ನು ಗಂಟು ಕಟ್ಟಿದಳು. "ನೀ ಯಾಕವ್ವಾ?" ಅಂದೆ. "ಆಕಿ ಒಬ್ಬಾಕಿ ಅದಾಳ," ಅಂದಳು ಅವ್ವ. "ನಾ?" ಅಂದೆ. ಅವಳು ಜಗಲಿಯ ಕಡೆ ಒಮ್ಮೆ ನೋಡಿ, ಗಂಟು ಎತ್ತಿಕೊಂಡು ಹೊರಟಳು.

ಆ ಲಾಟನ್ನು ಕೊನೆಗೂ ಪಾಸು ಮಾಡಿ ಕಳಿಸುವಷ್ಟರಲ್ಲಿ ಯುದ್ಧ ನಿಂತಿತ್ತು. ಆ ಗನ್ನುಗಳು ಬೇಕಾದಾಗ ಸಿಗದೆ, ಮೇಲೆ ಹಾರುವವರಲ್ಲಿ ಯಾರಿಗೆ ಏನಾಯಿತೋ, ಏನೂ ಆಗಲಿಲ್ಲವೋ, ನನಗೆ ಹೇಳುವವರಿಲ್ಲ. ಬರಬರುತ್ತ ಗನ್ನುಗಳು ಬರುವುದೂ ನಿಂತಿತು, ಕಂಪನಿ ಬೇಲಿ ಕಿತ್ತುಕೊಂಡು ಹೋಯಿತು. ಸಾಹೇಬರು ತಮ್ಮ ಊರಿಗೆ ಹೋದರು. ನಾನೀಗ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಮತ್ತೆ ಚೀಲ ಹೊರುತ್ತೇನೆ.

ಕೊಡೇಕಲ್ ಬಸ್ಸು ಬಂತು. ಹತ್ತಿದೆ.

ಗಿರಣಿ ಆ ದಿನ ಬಂದ್ ಇತ್ತು. ಶರಣಮ್ಮ ಕಲ್ಲು, ಬೆಲ್ಟು ಎಲ್ಲ ಒರೆಸಿ ಸ್ವಚ್ಛ ಮಾಡಿದ್ದಳು. ಹೊಸ್ತಿಲಿಗೆ, ಗೋಡೆಗೆ ಕುಂಕುಮ ಹಚ್ಚಿದ್ದಳು. ಮಷಿನ್ನಿಗೆ ಎಲ್ಲೂ ಹಚ್ಚಿರಲಿಲ್ಲ. ಮೂಲೆಯಲ್ಲಿ ಅವ್ವ ಹೂ ಕಟ್ಟುತ್ತಿದ್ದಳು.

"ಬಾ," ಅಂದಳು ಶರಣಮ್ಮ. ಅಣ್ಣಾ ಎನ್ನಲಿಲ್ಲ.

ನಾನು ನಿಂತೇ ಹೇಳಿದೆ. ಕೂತರೆ ಹೇಳಲಾರೆ ಅನಿಸಿತ್ತು. "ಶರಣೀ, ಅವತ್ತು ಗನ್ನಿಗೆ ಪೂಜಿ ಮಾಡಿದಾಂವ ನಾ. ಜಗಲಿ ಮ್ಯಾಲಿಂದ ಕೀಲಿಕೈ ತಗೊಂಡಾಂವೂ ನಾನೇ."

"ಗೊತ್ತದ."

"ನೀ ಒರಸಿದ್ದು ನನ್ನ ಸಲುವಾಗಿ."

"ಗೊತ್ತದ ಅಂದ್ನೆಲ್ಲ. ಗೊತ್ತಿದ್ದಾಕಿಗಿ ಹೇಳಾಕ ಇಷ್ಟ ದೂರ ಬಸ್ ಹತ್ತಿ ಬಂದಿಯೇನು? ಗೊತ್ತಿಲ್ಲದಾವ್ರು ಭಾಳ ಮಂದಿ ಅದಾರ. ಅವ್ರಿಗಿ ಹೇಳು."

ಇದನ್ನು ನಾನು ಬರೆಯುತ್ತಿರುವುದು ಆ ಮಾತಿಗಾಗಿ.

ಅಷ್ಟರಲ್ಲಿ ಜೋಳದ ಬುಟ್ಟಿ ಹೊತ್ತು ಒಬ್ಬಳು ಹೆಂಗಸು ಬಾಗಿಲಿಗೆ ಬಂದಳು. "ಗಿರಣಿ ಚಾಲೂ ಅದೇನ್ ಶರಣಮ್ಮಾ?"

"ಇವತ್ತಿಲ್ಲ ಯವ್ವಾ, ಪೂಜಿ ಅದ. ನಾಡಿದ್ದು ಬಾ."

"ಇವ್ರ್ಯಾರು?"

"ನಮ್ಮಣ್ಣ."

"ಹೌದೇನ್ರಿ!" ಎಂದು ಆ ಹೆಂಗಸು ಪ್ರೀತಿಯಿಂದಲೇ ನಕ್ಕಳು. "ಗನ್ ನಿಂದ್ರಿಸಿದಾಕಿಗಿ ಅಣ್ಣನೂ ಅದಾನ ಅಂತ ಗೊತ್ತಿದ್ದಿಲ್ಲ ನೋಡ್ರಿ."

ಆ ಹೆಸರು ಅಷ್ಟು ದೂರ ಹೋಗಿ, ಅಲ್ಲಿ ಮನೆ ಮಾಡಿಕೊಂಡಿತ್ತು. ಶರಣಮ್ಮ ನನ್ನನ್ನು ನೋಡಿದಳು. ಅದೇ ನೋಟ, ಸಾಲಿನಲ್ಲಿ ನಿಂತಾಗಿನದು.

"ಆಕಿ ಅಲ್ರಿ," ಅಂದೆ. "ಗನ್ ನಿಂದ್ರಿಸಿದಾಂವ ನಾನ್ರಿ."

ಹೆಂಗಸು ಒಂದು ಗಳಿಗೆ ನನ್ನ ಮುಖ ನೋಡಿ, ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟಳು. "ಅಣ್ಣ ತಂಗಿ ಇಬ್ರೂ ಕೂಡಿ ನಿಂದ್ರಿಸೀರೇನ್ ಹಂಗಾರ! ಭಾರೀ ಮಂದಿ ಬಿಡ್ರಿ ನೀವು!" ಬುಟ್ಟಿ ಹೊತ್ತುಕೊಂಡು, ಓಣಿಯುದ್ದಕ್ಕೂ ನಗುತ್ತ ಹೋದಳು.

ಶರಣಮ್ಮ ನಗಲಿಲ್ಲ. ಬಟ್ಟೆ ತಗೊಂಡು, ಆಗಲೇ ಒರೆಸಿದ್ದ ಕಲ್ಲನ್ನು ಮತ್ತೆ ಒರೆಸತೊಡಗಿದಳು. ಏನು ಮಾಡುವುದೆಂದು ತಿಳಿಯದೆ ನಾನು ಚೀಲದಿಂದ ಕಾಯಿ ತೆಗೆದು, ಮಷಿನ್ನಿನ ಕಡೆ ಒಂದು ಹೆಜ್ಜೆ ಇಟ್ಟೆ.

"ಹೊರಗ ಒಡಿ," ಅಂದಳು.

ಹೊರಗೆ ಹೋಗಿ ಮೆಟ್ಟಿಲಿನ ಕಲ್ಲಿಗೆ ಒಡೆದೆ. ನೀರು ಮಣ್ಣಿಗೆ ಬಿದ್ದು ಇಂಗಿ ಹೋಯಿತು. ಚೂರು ಮಾಡಿ ಒಳಗೆ ತಂದೆ. ಅವ್ವ ಹೂವಿನ ಬುಟ್ಟಿ ಸರಿಸಿ ಒಂದು ಚೂರು ತಗೊಂಡಳು. ಶರಣಮ್ಮನ ಮುಂದೆ ಕೈ ಚಾಚಿದೆ. ಅವಳು ನನ್ನ ಕೈಯನ್ನೂ ಕಾಯಿಯನ್ನೂ ನೋಡಿದಳು.

"ನಾ ಅವತ್ತೇ ತಿಂದೀನಿ," ಅಂದಳು.